ಚರ್ಚು ತುಂಬುತ್ತದೆ, ಬೈಬಲ್ ತರಗತಿಗೆ ಏಳೇ ಮಂದಿ: ಏನು ಮಾಡೋಣ?

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ಶಾಲಾ ಶಿಕ್ಷಕಿ. ನಮ್ಮ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಸಮಿತಿಯಲ್ಲಿ ಎರಡು ವರ್ಷದಿಂದ ಇದ್ದೇನೆ. ನೂರರ ಆಸುಪಾಸು ಮನೆಗಳಿವೆ. ಭಾನುವಾರದ ಪೂಜೆಗೆ ಚರ್ಚು ತುಂಬುತ್ತದೆ. ಕ್ರಿಸ್‌ಮಸ್ ರಾತ್ರಿ ಹೊರಗೆ ಶಾಮಿಯಾನ ಹಾಕಿಸಬೇಕಾಗುತ್ತದೆ. ಆದರೆ ಬುಧವಾರದ ಬೈಬಲ್ ತರಗತಿಗೆ ಬರುವವರು ಏಳೇ ಮಂದಿ. ದೃಢೀಕರಣ ಸಂಸ್ಕಾರ (ಪವಿತ್ರಾತ್ಮರ ವರ ಪಡೆಯುವ ವಿಧಿ) ಆದ ಹುಡುಗರು ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ಎರಡು ಮನೆಯವರು ಬೇರೆ ಪ್ರಾರ್ಥನಾ ಸಭೆಗೆ ಹೋಗಲು ಶುರು ಮಾಡಿದ್ದಾರೆ. ಫಾದರ್ ಒಬ್ಬರೇ. ಅವರು ಹಳ್ಳಿಗಳನ್ನೂ ನೋಡಿಕೊಳ್ಳಬೇಕು. ಎಷ್ಟು ಕರೆದರೂ ಜನ ಬರೋದಿಲ್ಲ. ನಮ್ಮಂಥ ಸಾಮಾನ್ಯರು ಏನು ಮಾಡಬಹುದು?

ಉತ್ತರ: ನಮಸ್ಕಾರ ಟೀಚರ್. ನಿಮ್ಮ ಪತ್ರದ ಕೊನೆಯ ಮಾತುಗಳನ್ನು ಎರಡು ಮೂರು ಸಲ ಓದಿದೆ. ‘ಎಷ್ಟು ಕರೆದರೂ ಜನ ಬರೋದಿಲ್ಲ’ ಅಂತ ಬರೆದಿದ್ದೀರಿ. ಹಾಗಾದರೆ ಸ್ವಲ್ಪ ದಿನ ಕರೆಯುವುದನ್ನು ನಿಲ್ಲಿಸಿ, ನೀವೇ ಅವರ ಮನೆಗೆ ಹೋಗಿ. ಬುಧವಾರದ ಆ ಏಳು ಮಂದಿಯನ್ನೂ ಕರೆದುಕೊಂಡು ಹೋಗಿ. ನನ್ನ ಉತ್ತರ ಇಷ್ಟೇ. ಯಾಕೆ, ಹೇಗೆ ಅನ್ನುವುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಧರ್ಮೋಪದೇಶ ಕಲಿಸುವವರಿಗೆ ತರಬೇತಿ ಕೊಡುತ್ತಾ ಧಾರವಾಡ, ಗದಗ, ಹಾವೇರಿ ಕಡೆ ಇಪ್ಪತ್ತೈದು ವರ್ಷ ಓಡಾಡಿದ್ದೇನೆ. ಮೊದಲ ಹತ್ತು ವರ್ಷ ನಾನೂ ಉಪನ್ಯಾಸವನ್ನೇ ನಂಬಿದ್ದೆ. ಒಮ್ಮೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಹುಬ್ಬಳ್ಳಿಯ ಒಂದು ಧರ್ಮಕೇಂದ್ರದಲ್ಲಿ ನಾಲ್ಕು ಶುಕ್ರವಾರ, ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ, ಪೂಜೆಯಲ್ಲಿ ಕೊಡುವ ಪರಮ ಪ್ರಸಾದದ ಬಗ್ಗೆ ಮಾತಾಡಿದೆ. ಒಂದೊಂದು ದಿನ ಒಂದೊಂದು ತಾಸು. ಕೊನೆಯ ದಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರು ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, “ಭಾಳ ಛಲೋ ಹೇಳಿದ್ರಿ ಸರ್” ಅಂದರು. “ಯಾವ ಮಾತು ಮನಸ್ಸಿಗೆ ಹತ್ತಿತು?” ಅಂತ ಕೇಳಿದೆ. ಅವರು ತುಂಬಾ ಹೊತ್ತು ಯೋಚಿಸಿದರು. ಏನೂ ನೆನಪಾಗಲಿಲ್ಲ. ಅವರಿಗೆ ಬೇಸರವಾಯಿತು. ನನಗೆ ಅದಕ್ಕಿಂತ ಜಾಸ್ತಿ ಬೇಸರವಾಯಿತು. ತಪ್ಪು ಅವರದಲ್ಲ. ನಾಲ್ಕು ವಾರ ಅವರು ನನ್ನ ಎದುರು ಕೂತಿದ್ದರು, ಅವರ ಬಾಯಿಂದ ಒಂದು ಮಾತು ಬರಲೂ ನಾನು ಅವಕಾಶ ಕೊಟ್ಟಿರಲಿಲ್ಲ.

ಕೇಳಿದ್ದು ಮರೆತುಹೋಗುತ್ತದೆ. ತಾನೇ ಬಾಯಿ ಬಿಟ್ಟು ಹೇಳಿದ್ದು ಉಳಿಯುತ್ತದೆ. ನೀವು ಶಿಕ್ಷಕಿ, ಇದು ನಿಮಗೆ ಗೊತ್ತಿರುವುದೇ ಅಲ್ವಾ?

ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಲೂಕನ ಶುಭಸಂದೇಶದ 24ನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ನೋಡಿ. ಇಬ್ಬರು ಶಿಷ್ಯರು ಸೋತ ಮನಸ್ಸಿನಿಂದ ಎಮ್ಮಾವು ಎಂಬ ಊರಿಗೆ ಹೊರಟಿದ್ದಾರೆ. ಪ್ರಭು ಯೇಸು ಅವರ ಜೊತೆ ಹೆಜ್ಜೆ ಹಾಕುತ್ತಾರೆ. ಮೊದಲಿಗೆ ಏನು ಮಾಡುತ್ತಾರೆ? ಪ್ರಬೋಧನೆ, ಅಂದರೆ ಉಪದೇಶ, ಮಾಡುವುದಿಲ್ಲ. ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾರೆ. ಅವರು ತಮ್ಮ ದುಃಖವನ್ನೆಲ್ಲ ಹೇಳಿ ಮುಗಿಸುವವರೆಗೆ ಕಾಯುತ್ತಾರೆ. ಆಮೇಲೆ ಪವಿತ್ರ ಗ್ರಂಥವನ್ನು ಬಿಡಿಸಿ ಹೇಳುತ್ತಾರೆ. ಆಮೇಲೆ ಅವರ ಜೊತೆ ಮನೆಯೊಳಗೆ ಹೋಗುತ್ತಾರೆ. ರೊಟ್ಟಿ ಮುರಿಯುವುದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ರೊಟ್ಟಿ ಮುರಿಯುವುದು ಪ್ರತಿ ಭಾನುವಾರ ಪೂಜೆಯಲ್ಲಿ ನಡೆಯುತ್ತದೆ, ದೇವರಿಗೆ ಸ್ತೋತ್ರ. ಅದಕ್ಕೆ ಮೊದಲು ಬರಬೇಕಾದ ಆ ನಡಿಗೆ, ಆ ಕೇಳುವಿಕೆ, ಆ ಮನೆ, ಮೂರೂ ಬಿಟ್ಟುಹೋಗಿವೆ.

ಮನೆಯಲ್ಲಿ ಕೂಡುವುದು ಅಂದರೆ ಹೊರಗಿನಿಂದ ತಂದ ಪದ್ಧತಿ ಅಂತ ಕೆಲವರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಈ ಮಾತು ನಿಲ್ಲುವುದಿಲ್ಲ. ನಿಮ್ಮ ಗದಗಿನ ತೋಂಟದಾರ್ಯ ಮಠದಲ್ಲಿ ವಾರವಾರ ಶಿವಾನುಭವ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಒಟ್ಟಿಗೆ ಕೂತು ತಮ್ಮ ತಮ್ಮ ಅನುಭವ ಹೇಳಿಕೊಂಡ ನಾಡು ಇದು. ಶ್ರಾವಣ ಬಂದರೆ ಹಳ್ಳಿ ಹಳ್ಳಿಯಲ್ಲಿ ಪುರಾಣ, ಭಜನೆ. ಭಜನೆಯಲ್ಲಿ ತಾಳ ಹಾಕುವವನಿಗೆ ಓದು ಬರಲೇಬೇಕು ಅಂತಿಲ್ಲ. ನಮ್ಮ ಕಥೋಲಿಕ ಮನೆಗಳೂ ಇದೇ ಗಾಳಿಯಲ್ಲಿ ಬೆಳೆದವು. ಸುತ್ತ ಕೂತು ದೇವರ ಮಾತಾಡುವುದು ನಮ್ಮ ಜನಕ್ಕೆ ಬರುತ್ತದೆ. ಚರ್ಚಿನೊಳಗೆ ಬಂದಾಗ ಮಾತ್ರ ಬಾಯಿ ಕಟ್ಟಿಕೊಂಡು ಸಾಲಾಗಿ ಕೂರುವುದು ರೂಢಿಯಾಗಿದೆ.

ಈಗ ದಾರಿ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ಕಥೋಲಿಕ ತರಬೇತಿ ಸಂಸ್ಥೆ ಬೆಳೆಸಿದ ಒಂದು ಪದ್ಧತಿ ಇದೆ. ಶುಭಸಂದೇಶ ಹಂಚಿಕೆಯ ಏಳು ಹೆಜ್ಜೆಗಳು ಅಂತ ಅದಕ್ಕೆ ಹೆಸರು. ಏಷ್ಯಾದ ಧರ್ಮಾಧ್ಯಕ್ಷರು (ಬಿಷಪರು) 1990ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿ, ಎಲ್ಲರೂ ಪಾಲುಗೊಳ್ಳುವ ಧರ್ಮಸಭೆ ಬೇಕು ಎಂದರು. ಆಮೇಲೆ ಈ ಪದ್ಧತಿ ನಮ್ಮ ದೇಶದ ಕಿರು ಕ್ರೈಸ್ತ ಸಮುದಾಯಗಳಿಗೂ, ಅಂದರೆ ನೆರೆಹೊರೆಯ ಮನೆಗಳು ಕೂಡುವ ಸಣ್ಣ ಗುಂಪುಗಳಿಗೂ, ಹಬ್ಬಿತು. ನಿಮ್ಮ ಫಾದರ್‌ಗೆ ಇದು ಗೊತ್ತಿರುತ್ತದೆ, ಕೇಳಿ ನೋಡಿ.

ಎಂಟು ಹತ್ತು ಜನ ಒಂದು ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಸುತ್ತ ಕೂರಬೇಕು. ನಡುವೆ ಒಂದು ಮೇಣದ ಬತ್ತಿ, ಒಂದು ಬೈಬಲ್. ಯಾರಾದರೂ ಒಬ್ಬರು ತಮ್ಮದೇ ಮಾತಿನಲ್ಲಿ ಪ್ರಭುವನ್ನು ಮನೆಯೊಳಗೆ ಕರೆಯುತ್ತಾರೆ. ಆಮೇಲೆ ಬರುವ ಭಾನುವಾರದ ಶುಭಸಂದೇಶವನ್ನು ಒಬ್ಬರು ನಿಧಾನವಾಗಿ ಓದುತ್ತಾರೆ. ಮೂರನೆಯ ಹೆಜ್ಜೆಯೇ ಇದರ ಜೀವ. ಓದಿದ್ದರಲ್ಲಿ ತನಗೆ ಹಿಡಿದ ಒಂದು ಪದವನ್ನೋ ಒಂದು ತುಂಡು ಮಾತನ್ನೋ ಒಬ್ಬೊಬ್ಬರೂ ಗಟ್ಟಿಯಾಗಿ ಹೇಳಬೇಕು. ವಿವರಣೆ ಬೇಡ, ಬರೀ ಆ ಪದ. ಮೂರು ಸಲ, ನಡುವೆ ಸ್ವಲ್ಪ ನಿಲ್ಲಿಸಿ. ಎಲ್ಲರೂ ಹೇಳಿದ ಮೇಲೆ ಅದೇ ಭಾಗವನ್ನು ಮತ್ತೊಮ್ಮೆ ಓದುತ್ತಾರೆ. ನಾಲ್ಕನೆಯದು ಮೌನ, ಮೂರರಿಂದ ಐದು ನಿಮಿಷ. ಐದನೆಯದು ಹಂಚಿಕೆ: ಆ ಪದ ನನ್ನ ಮನಸ್ಸಿಗೆ ಯಾಕೆ ಹತ್ತಿತು ಅನ್ನುವುದು. ಆರನೆಯದು ಕೆಲಸ: ಈ ವಾರ ನಾವು ಏನು ಮಾಡಬೇಕು, ಯಾರು, ಯಾವತ್ತು? ಹೋದ ವಾರ ಒಪ್ಪಿಕೊಂಡದ್ದು ಏನಾಯಿತು ಅಂತಲೂ ಆಗಲೇ ಕೇಳಬೇಕು. ಏಳನೆಯದು ಪ್ರಾರ್ಥನೆ, ಎಲ್ಲರಿಗೂ ಬರುವ ಒಂದು ಹಾಡು. ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ಒಂದು ತಾಸಿನ ಮೇಲೆ ಎಳೆಯಬೇಡಿ.

ಮೂರನೆಯ ಹೆಜ್ಜೆ ಜೀವ ಅಂದೆನಲ್ಲ, ಯಾಕೆ ಗೊತ್ತಾ? ಓದಲು ಬರದವರಿಗೂ ಅದು ಸಮಾನ ಪಾಲು ಕೊಡುತ್ತದೆ. ಬೆಟಗೇರಿಯಲ್ಲೇ ಒಂದು ಮನೆಯಲ್ಲಿ ಕೂತಿದ್ದೆವು. ಅವತ್ತಿನ ಭಾಗ ಲೂಕನ 15ನೆಯ ಅಧ್ಯಾಯ. ಹೆಂಗಸೊಬ್ಬಳು ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ಕತೆ. ಮಗ್ಗದ ಕೆಲಸದಲ್ಲೇ ಬದುಕು ಕಳೆದ ಅಜ್ಜಿಯೊಬ್ಬರು ಮೂಲೆಯಲ್ಲಿ ಕೂತಿದ್ದರು. “ನನಗ ಓದಾಕ ಬರೂದಿಲ್ರಿ, ನನ್ನ ಬಿಡ್ರಿ” ಅಂದರು. “ಓದೋದು ಬೇಡ ಅಜ್ಜಿ, ಕೇಳಿದ್ರಲ್ಲ, ಒಂದು ಪದ ಹೇಳಿ” ಅಂದೆವು. “ಕಸಬರಿಗಿ” ಅಂದರು. ಆ ಪದ ಶುಭಸಂದೇಶದಲ್ಲಿ ಇಲ್ಲ, ಗುಡಿಸುವುದಷ್ಟೇ ಇದೆ. ಯಾರೂ ತಿದ್ದಲಿಲ್ಲ. ಹಂಚಿಕೆಯ ಹೊತ್ತಿಗೆ ಅವರೇ ಹೇಳಿದರು: “ದೇವರು ಕಸಬರಿಗಿ ಹಿಡದು ನನ್ನ ಹುಡುಕತಾನ ಅಂದ್ರ, ನಾ ಕಸದಾಗ ಬಿದ್ರೂ ಅವನಿಗೆ ನಾ ರೊಕ್ಕನ ಅಲ್ಲೇನ್ರಿ?” ಈ ಕತೆಯ ಮೇಲೆ ನಾನು ಎಷ್ಟೋ ಪ್ರಬೋಧನೆ ಕೇಳಿದ್ದೇನೆ. ಆ ಅಜ್ಜಿಯ ಮಾತಿನ ಹತ್ತಿರ ಯಾವುದೂ ಬರುವುದಿಲ್ಲ.

ಇದು ಕೆಡುವುದು ಹೇಗೆ ಅನ್ನುವುದನ್ನೂ ಹೇಳಬೇಕು, ಕೆಟ್ಟದ್ದನ್ನು ನೋಡಿದ್ದೇನೆ.

ಮೊದಲನೆಯದು ಚಹಾದಿಂದ ಕೆಡುತ್ತದೆ. ಮೊದಲ ವಾರ ಒಬ್ಬರು ಚಹಾ ಕೊಡುತ್ತಾರೆ. ಎರಡನೆಯ ವಾರ ಗಿರ್ಮಿಟ್, ಮಿರ್ಚಿ. ಮೂರನೆಯ ವಾರ ಉಪ್ಪಿಟ್ಟು, ಶಿರಾ. ನಾಲ್ಕನೆಯ ಮನೆಯವಳು ಕೂಲಿ ಮಾಡುವವಳು. ‘ನಮ್ಮನಿ ಸಣ್ಣದೈತ್ರಿ’ ಅಂತ ಹಿಂದೆ ಸರಿಯುತ್ತಾಳೆ. ಯಾರ ಮನೆಗೆ ಹೋಗಲೇಬೇಕಿತ್ತೋ ಅವರ ಮನೆಯೇ ತಪ್ಪಿಹೋಗುತ್ತದೆ. ಅದಕ್ಕೇ ಮೊದಲ ದಿನವೇ ಎಲ್ಲರೂ ಸೇರಿ ಒಪ್ಪಿಕೊಳ್ಳಿ: ನೀರು, ಬೇಕಿದ್ದರೆ ಚಹಾ, ಅಷ್ಟೇ. ಶ್ರೀಮಂತರ ಮನೆಯಲ್ಲೂ ಅಷ್ಟೇ.

ಎರಡನೆಯದು ಬೋಧಕರಿಂದ. ಪ್ರತಿ ಊರಿನಲ್ಲೂ ಒಬ್ಬರು ಇರುತ್ತಾರೆ. ತುಂಬಾ ತಿಳಿದವರು, ಒಳ್ಳೆಯವರೇ. ಐದನೆಯ ಹೆಜ್ಜೆ ಬಂದ ಕೂಡಲೇ ಇಪ್ಪತ್ತು ನಿಮಿಷ ಮಾತಾಡುತ್ತಾರೆ. ಉಳಿದವರು ಮತ್ತೆ ಕೇಳುಗರಾಗುತ್ತಾರೆ. ‘ನಾವು’, ‘ಜನ’, ‘ಇವತ್ತಿನ ಸಮಾಜ’ ಅಂತ ಶುರುವಾಗುವ ಮಾತು ಅಲ್ಲಿ ಬೇಡ. ‘ನನಗೆ’ ಅಂತ ಶುರುವಾಗಲಿ. ಅವರನ್ನು ಬದಿಗೆ ಕರೆದು, ಪ್ರೀತಿಯಿಂದ, ಮೌನದ ಹೊತ್ತು ನೋಡಿಕೊಳ್ಳುವ ಹೊಣೆ ಕೊಡಿ. ನಮ್ಮಲ್ಲಿ ಇದರಿಂದ ಒಳ್ಳೆಯದೇ ಆಗಿದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು ಮನೆಯಲ್ಲಿ ಕಣ್ಣೀರಿಟ್ಟು ಹೇಳಿದ್ದು ಮಾರನೆಯ ದಿನ ಚರ್ಚಿನ ಅಂಗಳದಲ್ಲಿ ಕೇಳಿಬಂದರೆ ಆ ಗುಂಪು ಮುಗಿಯಿತು. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ಪ್ರತಿ ವಾರ ಇದನ್ನು ನೆನಪಿಸಿ.

ಹೊತ್ತು ಗೊತ್ತು ಮಾಡುವಾಗ ಜನರ ದುಡಿಮೆ ನೋಡಿ. ಬುಧವಾರ ಸಂಜೆ ಅಂತ ನೀವೇ ನಿಗದಿ ಮಾಡಿದರೆ ಅದು ನಿಮ್ಮ ಅನುಕೂಲವಾಯಿತು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಕಡೆಯ ಹೆಂಗಸರು ದಿನವಿಡೀ ತೊಟ್ಟು ಬಿಡಿಸಿ ಬಂದಿರುತ್ತಾರೆ, ಕೈ ಉರಿಯುತ್ತಿರುತ್ತದೆ. ಅವರನ್ನು ಸಂಜೆ ಏಳಕ್ಕೆ ಕೂರಿಸುವುದು ನ್ಯಾಯವಲ್ಲ. ಬಿತ್ತನೆಯ ದಿನಗಳಲ್ಲಿ ಎರಡು ವಾರ ಬಿಡುವು ಕೊಟ್ಟರೂ ಏನೂ ಹಾಳಾಗುವುದಿಲ್ಲ.

ಭಾಷೆಯ ವಿಷಯ ಸ್ವಲ್ಪ ನಿಂತು ನೋಡಬೇಕು. ಇದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ, ಆದರೆ ಎಲ್ಲ ಕಡೆ ಇದೆ. ನಮ್ಮ ಧರ್ಮಕೇಂದ್ರಗಳು ಒಂದೇ ಭಾಷೆಯವಲ್ಲ. ರೈಲ್ವೆ ಕೆಲಸಕ್ಕೆ ಬಂದ ತಮಿಳರು, ತೆಲುಗರು, ಗೋವಾ ಮತ್ತು ಕರಾವಳಿಯಿಂದ ಬಂದ ಕೊಂಕಣಿಗರು, ಇಲ್ಲಿಯದೇ ಕನ್ನಡದವರು, ಎಲ್ಲರೂ ಒಂದೇ ಪೀಠದ ಮುಂದೆ ಮಂಡಿಯೂರುತ್ತಾರೆ. ಲೋಕದ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ದಸ್ತಾವೇಜನ್ನು ಹೊರಡಿಸಿ, ಜನರ ಭಾಷೆಗಳಿಗೆ ಬಾಗಿಲು ತೆರೆಯಿತು. ಜನ ಅರಿವಿನಿಂದ, ಪೂರ್ತಿಯಾಗಿ ಪಾಲುಗೊಳ್ಳಬೇಕು ಅನ್ನುವುದೇ ಅದರ ಆಸೆ. ಲ್ಯಾಟಿನ್ ಹೋಗಿ ಕನ್ನಡ ಬಂತು, ತುಂಬಾ ಒಳ್ಳೆಯದಾಯಿತು. ಆದರೆ ಮನೆಯಲ್ಲಿ ಕೊಂಕಣಿಯಲ್ಲಿ ಜಪಸರ (ಮಣಿಸರ ಹಿಡಿದು ಮಾಡುವ ಪ್ರಾರ್ಥನೆ) ಹೇಳುವ ತಾಯಿಗೆ ಪುಸ್ತಕದ ಕನ್ನಡ ಇನ್ನೂ ಚರ್ಚಿನ ಭಾಷೆಯೇ, ಮನಸ್ಸಿನ ಭಾಷೆಯಲ್ಲ. ಕನ್ನಡದವರಿಗೂ ಅಷ್ಟೇ: ಧಾರವಾಡದ ಮಾತು ಬೇರೆ, ಪೂಜೆ ಪುಸ್ತಕದ ಮಾತು ಬೇರೆ. ಅದಕ್ಕೇ ಮನೆಯ ಕೂಟದಲ್ಲಿ ಓದು ಕನ್ನಡದಲ್ಲಿರಲಿ, ಪ್ರಾರ್ಥನೆ ಯಾರಿಗೆ ಯಾವ ಭಾಷೆ ಬರುತ್ತದೋ ಅದರಲ್ಲಿ. ತಮಿಳಿನ ಅಮ್ಮ ತಮಿಳಿನಲ್ಲಿ ಪ್ರಾರ್ಥಿಸಿದರೆ ಉಳಿದವರಿಗೆ ಪದ ಗೊತ್ತಾಗದಿರಬಹುದು, ಅಳು ಗೊತ್ತಾಗುತ್ತದೆ. ‘ಅವರು’, ‘ನಾವು’ ಅನ್ನುವ ಗುಂಪುಗಾರಿಕೆ ಚರ್ಚಿನ ಚುನಾವಣೆಯಲ್ಲಿ ತಲೆ ಎತ್ತುವುದನ್ನು ನೋಡಿದ್ದೇನೆ. ಒಂದೇ ಚಾಪೆಯ ಮೇಲೆ ವರ್ಷವಿಡೀ ಕೂತವರಲ್ಲಿ ಅದು ಕಡಿಮೆಯಾದದ್ದನ್ನೂ ನೋಡಿದ್ದೇನೆ.

ಮನೆಯ ಕೂಟ ಭಾನುವಾರದ ಪೂಜೆಗೆ ಬದಲಿಯಲ್ಲ, ಅದಕ್ಕೆ ಸಿದ್ಧತೆ. ಕೂಟ ಗುರುವಾರ ಅಂತ ಇಟ್ಟುಕೊಳ್ಳಿ. ಅವತ್ತು ಅದೇ ಶುಭಸಂದೇಶ ತನ್ನ ಬಾಯಲ್ಲಿ ಆಡಿದವಳು ಭಾನುವಾರ ಅದನ್ನು ಕೇಳುವ ರೀತಿಯೇ ಬೇರೆ. ಭಾನುವಾರದ ಓದು ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಅದರ ಮುಂದಿನ ವರ್ಷ ಲೂಕ. ಯೊವಾನ್ನನ ಭಾಗಗಳು ಪಾಸ್ಕ (ಈಸ್ಟರ್) ಕಾಲದಲ್ಲೂ ನಡುನಡುವೆಯೂ ಬರುತ್ತವೆ. ಮೂರು ವರ್ಷ ಬಿಡದೆ ಕೂತರೆ ಶುಭಸಂದೇಶಗಳ ಬಹುಪಾಲು ಒಂದು ಮನೆಯ ಪಡಸಾಲೆಯಲ್ಲೇ ಓದಿ ಮುಗಿಯುತ್ತದೆ. ಫಾದರ್‌ಗೂ ಹೇಳಿ, ತಿಂಗಳಿಗೊಮ್ಮೆ ಯಾವುದಾದರೂ ಮನೆಗೆ ಬಂದು ಕೂರಲಿ. ಮಾತಾಡುವ ಸರದಿಯಲ್ಲಿ ಅವರು ಕೊನೆಯವರಾಗಲಿ. ಪೋಪ್ ಫ್ರಾನ್ಸಿಸ್ 2024ರಲ್ಲಿ ಪ್ರಬೋಧನೆ ಎಂಟು ನಿಮಿಷ ಮೀರಬಾರದು ಎಂದಿದ್ದರು. ಜನರ ಮನೆಯಲ್ಲಿ ಕೇಳಿಸಿಕೊಂಡ ಗುರುಗಳಿಗೆ ಎಂಟು ನಿಮಿಷ ಧಾರಾಳವಾಗಿ ಸಾಕಾಗುತ್ತದೆ.

ಹುಡುಗರ ವಿಷಯ. ದೃಢೀಕರಣ ಆದ ಮೇಲೆ ನಾವು ಅವರಿಗೆ ಕೊಡುವ ಕೆಲಸ ಯಾವುದು? ಹಬ್ಬಕ್ಕೆ ಕುರ್ಚಿ ಜೋಡಿಸುವುದು, ಸೀರಿಯಲ್ ಲೈಟ್ ಕಟ್ಟುವುದು. ಪವಿತ್ರಾತ್ಮರ ವರ ಪಡೆದವರು ಅಂತ ಹೇಳಿ, ಕೈಗೆ ಕುರ್ಚಿ ಕೊಟ್ಟರೆ ಅವರು ಯಾಕೆ ನಿಲ್ಲುತ್ತಾರೆ? ಫ್ರೆಡರಿಕ್ ಓಜನಾಂ ಪ್ಯಾರಿಸಿನಲ್ಲಿ ಕಾಲೇಜು ಹುಡುಗನಾಗಿದ್ದಾಗ, ನಿಮ್ಮ ಧರ್ಮಸಭೆ ಇವತ್ತು ಬಡವರಿಗೆ ಏನು ಮಾಡುತ್ತಿದೆ ಅನ್ನುವ ಪ್ರಶ್ನೆ ಎದುರಾಯಿತು. ಅವನು ಕೆಲವು ಗೆಳೆಯರ ಜೊತೆ ಬಡವರ ಮನೆಗೆ ನೇರವಾಗಿ ಹೋಗಲು ಶುರು ಮಾಡಿದ. ಅದು 1833, ಅವನಿಗೆ 20 ವರ್ಷ. ಇವತ್ತು ಎಷ್ಟೋ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪೌಲ್ ಸಂಘ ಹುಟ್ಟಿದ್ದು ಹಾಗೆ.

ನಿಮ್ಮ ಹುಡುಗರಿಗೂ ಅಂಥದ್ದೇ ಕೆಲಸ ಕೊಡಿ. ಜನ ಕಿಮ್ಸ್ ಅಂತ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹಳ್ಳಿಯಿಂದ ಹೋಗುವ ರೋಗಿಯ ಜೊತೆ ಹೋಗಿ ಚೀಟಿ ಮಾಡಿಸಿಕೊಡುವುದು. ಒಬ್ಬರೇ ಇರುವ ಹಿರಿಯರಿಗೆ ಪಿಂಚಣಿಯ ಅರ್ಜಿ ತುಂಬಿಕೊಡುವುದು. ರೋಗಿ ಯಾವ ಜಾತಿ, ಯಾವ ಧರ್ಮ ಅಂತ ಕೇಳಬಾರದು. ಬಂದ ಮೇಲೆ ಗುರುವಾರದ ಕೂಟದಲ್ಲಿ ಅವರನ್ನು ಕೂರಿಸಿ, ಏನು ಕಂಡಿರಿ ಅಂತ ಕೇಳಿ. ಮನೆಯವರೂ ಪಕ್ಕದಲ್ಲಿ ಕೂತಿರಲಿ. ಮಕ್ಕಳ ವಿಶ್ವಾಸದ ಮೊದಲ ಹೊಣೆ ತಂದೆತಾಯಿಯದು ಅಂತ ಧರ್ಮಸಭೆಯ 1983ರ ಕಾನೂನೇ ಹೇಳುತ್ತದೆ. ಅಪ್ಪ ಒಂದು ಪದ ಹೇಳಿ ಸುಮ್ಮನೆ ತಲೆ ತಗ್ಗಿಸಿ ಕೂತದ್ದನ್ನು ನೋಡಿದ ಮಗ ಅದನ್ನು ಮರೆಯುವುದಿಲ್ಲ. ಕೆಲಸಕ್ಕಾಗಿ ಬೆಂಗಳೂರು, ಪುಣೆ ಸೇರಿದವರಿಗೆ ಫೋನ್ ಮಾಡಿ, ಆ ವಾರದ ಭಾಗ ಯಾವುದು ಅಂತ ಹೇಳಿ. ಸುಮ್ನೆ ಫಾರ್ವರ್ಡ್ ಸಂದೇಶ ಕಳಿಸಬೇಡಿ.

ಬೇರೆ ಸಭೆಗೆ ಹೋದ ಆ ಎರಡು ಮನೆಗಳ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ. ಅವರನ್ನು ದೂರಬೇಡಿ. ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ನಮ್ಮವರು ಯಾರು ಹೋಗಿದ್ದರು? ಅಲ್ಲಿ ಅವರ ಹೆಸರು ಹಿಡಿದು ಪ್ರಾರ್ಥಿಸುವವರು ಸಿಕ್ಕಿರುತ್ತಾರೆ. ನಮ್ಮಲ್ಲಿ ಪರಮ ಪ್ರಸಾದವಿದೆ, ಪಾಪನಿವೇದನೆ ಇದೆ, ಎರಡು ಸಾವಿರ ವರ್ಷದ ಸಂತರಿದ್ದಾರೆ. ಆದರೆ ಪಕ್ಕದ ಬೆಂಚಿನಲ್ಲಿ ಕೂತವರ ಹೆಸರು ಗೊತ್ತಿಲ್ಲ. ಹೋಗಿ, ಚಹಾ ಕುಡಿದು, ಆರೋಗ್ಯ ವಿಚಾರಿಸಿ ಬನ್ನಿ. ವಾಪಸ್ ಬನ್ನಿ ಅನ್ನುವ ಮಾತು ಮೊದಲ ಭೇಟಿಯಲ್ಲಿ ಬೇಡ.

ಜಪಸರ, ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ಹಳೆಯ ಕಾಲದ್ದು, ಅದನ್ನು ಬಿಟ್ಟು ಬೈಬಲ್ ಹಿಡಿಯಬೇಕು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಸಂತ ಅಂತೋಣಿಯ ನೊವೇನಾಕ್ಕೆ ಬರುವ ತಾಯಿಯ ನಂಬಿಕೆ ಸಣ್ಣದಲ್ಲ. ಜಪಸರ ಹೇಳುವಾಗ ಧ್ಯಾನಿಸುವ ರಹಸ್ಯಗಳೂ ಹೆಚ್ಚಾಗಿ ಶುಭಸಂದೇಶದ ದೃಶ್ಯಗಳೇ. ಅಕ್ಟೋಬರ್ ತಿಂಗಳಲ್ಲಿ ಮನೆಮನೆಗೆ ಮರಿಯ ಮಾತೆಯ ಪ್ರತಿಮೆ ಹೋಗುತ್ತದಲ್ಲ, ಆಗ ಪ್ರತಿ ರಹಸ್ಯಕ್ಕೆ ಮೊದಲು ಆ ಭಾಗದ ಎರಡು ಸಾಲು ಓದಿಸಿ. ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ದಿನಗಳಲ್ಲಿ, ಅಥವಾ ಒಂದು ಸಾವಾದ ಮನೆಯಲ್ಲಿ, ಜನ ದೇವರ ಮಾತು ಕೇಳಲು ತಾವಾಗಿಯೇ ಕೂರುತ್ತಾರೆ. ಆ ಹೊತ್ತಿಗೆ ನಿಮ್ಮಲ್ಲಿ ಇಬ್ಬರು ಅಲ್ಲಿ ಇರಬೇಕು.

ಫಾದರ್ ಒಬ್ಬರೇ ಅಂತ ಬರೆದಿದ್ದೀರಿ. ಗೋವಾದಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ 1680ರ ದಶಕದಲ್ಲಿ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿ, 1687ರಲ್ಲಿ ಶ್ರೀಲಂಕೆಗೆ ಹೋದರು. ಅಲ್ಲಿನ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ, ಕಥೋಲಿಕ ಗುರುಗಳಿಗೆ ನಿಷೇಧ. ಅವರು ಗುಟ್ಟಾಗಿ ಊರೂರು ನಡೆದರು. ಹೋದಲ್ಲೆಲ್ಲ ಊರಿನವರಲ್ಲೇ ಕೆಲವರನ್ನು ಆರಿಸಿ, ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಕಲಿಸುವ ಹೊಣೆ ಕೊಟ್ಟರು. ಗುರುಗಳು ಮತ್ತೆ ಬರುವವರೆಗೆ ಆ ಸಾಮಾನ್ಯರೇ ನಂಬಿಕೆಯನ್ನು ಕಾಪಾಡಿದರು. ಕೊರಿಯಾದಲ್ಲಂತೂ ಪುಸ್ತಕ ಓದಿದ ಗೃಹಸ್ಥರೇ ಧರ್ಮಸಭೆ ಶುರು ಮಾಡಿದರು. ಅವರಲ್ಲೊಬ್ಬರು 1784ರಲ್ಲಿ ಬೀಜಿಂಗ್‌ಗೆ ಹೋಗಿ ಜ್ಞಾನಸ್ನಾನ ಪಡೆದು ಬಂದರು. ಮೊದಲ ಗುರು ಆ ನಾಡಿಗೆ ಕಾಲಿಟ್ಟದ್ದು ಅದಾಗಿ ಹತ್ತು ವರ್ಷದ ಮೇಲೆ. ನಿಮ್ಮಲ್ಲಿ ಒಬ್ಬ ಫಾದರ್ ಇದ್ದಾರೆ, ಏಳು ಮಂದಿ ಇದ್ದಾರೆ. ಅದು ಕಡಿಮೆಯಲ್ಲ.

ಈಗ ಆ ಏಳು ಮಂದಿ. ನೀವು ಸೇರಿದರೆ ಎಂಟು. ಲೂಕನ 10ನೆಯ ಅಧ್ಯಾಯದಲ್ಲಿ ಪ್ರಭು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುತ್ತಾರೆ. ನಿಮ್ಮಲ್ಲೂ ನಾಲ್ಕು ಜೋಡಿ ಆಗುತ್ತದೆ. ಮೊದಲ ಎರಡು ತಿಂಗಳು ಬುಧವಾರದ ತರಗತಿಯಲ್ಲೇ ಎಂಟೂ ಮಂದಿ ಏಳು ಹೆಜ್ಜೆ ಅಭ್ಯಾಸ ಮಾಡಿ. ಒಬ್ಬೊಬ್ಬರೂ ಒಮ್ಮೆ ನಡೆಸಿ ನೋಡಲಿ, ತಪ್ಪಿದರೆ ತಪ್ಪಲಿ. ಆಮೇಲೆ ತರಗತಿ ನಿಲ್ಲಿಸಿ. ಒಂದೊಂದು ಜೋಡಿ ತಮ್ಮ ಓಣಿಯ ನಾಲ್ಕೈದು ಮನೆಗೆ ಹೋಗಿ ಕೇಳಲಿ: “ಗುರುವಾರ ನಿಮ್ಮನಿಯಾಗ ಕೂಡೂಣೇನ್ರಿ?” ಒಪ್ಪುವ ಮೊದಲ ಮನೆ ದೊಡ್ಡ ಮನೆಯಾಗದಿದ್ದರೆ ಇನ್ನೂ ಒಳ್ಳೆಯದು. ಪಾಲನಾ ಸಮಿತಿಯಲ್ಲಿ ಠರಾವು ಮಾಡಿಸಿಕೊಂಡು ಕೂರಬೇಡಿ. ಫಾದರ್ ಒಪ್ಪಿಗೆ ಕೊಟ್ಟರೆ ಸಾಕು.

ಹಾಜರಿ ಪುಸ್ತಕ ಬೇಡ. ಎರಡು ನೂರು ಪುಟದ ಒಂದು ನೋಟ್‌ಬುಕ್ ಇಡಿ. ವಾರಕ್ಕೊಂದು ಪುಟ: ತಾರೀಖು, ಯಾರ ಮನೆ, ಓದಿದ ಭಾಗ, ಯಾರು ಯಾವ ಪದ ಹಿಡಿದರು, ಒಪ್ಪಿಕೊಂಡ ಕೆಲಸ ಏನು. ಓದಲು ಬರದವರ ಪದವನ್ನು ಅವರು ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಬೆಟಗೇರಿಯ ಆ ಮನೆಯ ಪುಸ್ತಕದಲ್ಲಿ ‘ಕಸಬರಿಗಿ’ ಅಂತಲೇ ಇದೆ. ಅದರ ಕೆಳಗೆ ಆ ವಾರದ ಕೆಲಸ ಬರೆದಿದೆ: ಪಕ್ಕದ ಓಣಿಯ ವಿಧವೆಯ ರೇಷನ್ ಕಾರ್ಡ್, ಇಬ್ಬರು, ಸೋಮವಾರ ತಹಶೀಲ್ದಾರ್ ಕಚೇರಿ.